ಕೌಂಟರ್ ಬಿಟ್ಟ ಬರಿಸ್ತಾಗೆ ಕೆಫೆಲಾಟ್ ರೋಬೋಟ್: ಕೈಗೆ ಸಿಗೋದೇನು, ಸಿಗದೇ ಇರೋದೇನು

ಸ್ಪೆಷಾಲಿಟಿ ಕಾಫಿಯಲ್ಲಿ ಬರಿಸ್ತಾ ಆಗಿ, ಅಂದರೆ ಕೆಫೆ ಕೌಂಟರ್ ಹಿಂದೆ ಕಾಫಿ ಮಾಡುವವರಾಗಿ, ಮನಸ್ಸಿಟ್ಟು ಮಾಡುತ್ತಿದ್ದ ಕೆಲಸ ಹೋದಾಗ ಸಂಬಳದ ಹಿಂದೆಯೇ ಇನ್ನೂ ನಾಲ್ಕು ಹೋಗುತ್ತೆ: ಎರಡು ಗ್ರೂಪಿನ (ಎರಡು ಕಡೆ ಕಾಫಿ ಇಳಿಸುವ) ಮೆಷಿನ್, ಚಪ್ಪಟೆ ಬರ್‌ಗಳ (ಬೀಜ ಅರೆಯುವ ಹಲ್ಲುಚಕ್ರಗಳ) ದೊಡ್ಡ ಗ್ರೈಂಡರ್, ಸೋಸಿ ಹದ ಮಾಡಿದ ನೀರು, ದಿನಕ್ಕೆ ನೂರಾರು ಶಾಟ್ (ಒಂದು ಸಲಕ್ಕೆ ಇಳಿಸುವ ಎಸ್ಪ್ರೆಸೊ) ಎಳೆಯುವ ಅವಕಾಶ. ಮೊದಲ ಮೂರಕ್ಕೆ ಮನೆಯಲ್ಲಿ ಏನಾದರೂ ಬದಲಿ ಹೊಂದಿಸಿಕೊಳ್ಳಬಹುದು. ನಾಲ್ಕನೆಯದಕ್ಕೆ ಬದಲಿ ಇಲ್ಲ. ಕೆಫೆಲಾಟ್ ರೋಬೋಟ್ ಅನ್ನೋ, ಕೈಯಿಂದ ಒತ್ತುವ ಲಿವರ್ ಮೆಷಿನ್ ಒಳ್ಳೆ ಎಸ್ಪ್ರೆಸೊ ಕೊಡುತ್ತಾ ಅಂತ ಕೇಳಿದರೆ, ಕೊಡುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ಟ್ರಯಲ್ ಶಿಫ್ಟ್ (ಕೆಲಸಕ್ಕೆ ತಗೊಳ್ಳೋ ಮುಂಚೆ ಕೈ ನೋಡುವ ಪಾಳಿ) ಬರುವವರೆಗೆ ಕೈ ಮತ್ತು ನಾಲಿಗೆ ಮೊಂಡಾಗದಂತೆ ಕಾಯೋಕೆ ಇದು ಎಷ್ಟು ಉಪಯೋಗ? ಆ ಕಣ್ಣಿಂದ ನೋಡಿದರೆ ಮಾತ್ರ ಈ ಯಂತ್ರದ ಗುಣ ದೋಷ ಎರಡೂ ಕಾಣೋದು.

ಕೆಲಸ ಬಿಟ್ಟ ಮೊದಲ ವಾರದಲ್ಲಿ ಏನಾದರೂ ಕೊಳ್ಳಬೇಕು ಅನ್ನೋ ಚಡಪಡಿಕೆ ಇರುತ್ತೆ. ಆಗ ಸುಲಭವಾಗಿ ಕೈಗೆ ಬರೋದು ‘15 ಬಾರ್’ (ಬಾರ್ ಅಂದರೆ ಒತ್ತಡದ ಅಳತೆ) ಅಂತ ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ ಬರೆದ ಅಗ್ಗದ ಎಲೆಕ್ಟ್ರಿಕ್ ಮೆಷಿನ್. ಅದರ ಪ್ರೆಶರೈಸ್ಡ್ ಬಾಸ್ಕೆಟ್‌ನ (ಪುಡಿ ತುಂಬುವ ಬಟ್ಟಲಿನ) ತಳದಲ್ಲಿ ಒಂದೇ ಒಂದು ಸೂಜಿ ರಂಧ್ರ. ಪುಡಿ ಹೇಗಿದ್ದರೂ ನೊರೆ ಬರುತ್ತೆ, ತಪ್ಪು ಮಾಡಿದರೂ ಸರಿ ಮಾಡಿದರೂ ಲೋಟದಲ್ಲಿ ಅದೇ ಕಾಣುತ್ತೆ. ವರ್ಷಗಟ್ಟಲೆ ಡಯಲ್ ಇನ್ ಮಾಡಿದ (ರುಚಿ ಕೂರುವವರೆಗೆ ಗ್ರೈಂಡರ್ ಸರಿಸಿ ಸರಿಸಿ ನೋಡಿದ) ಕೈಗೆ ಇದಕ್ಕಿಂತ ಕೆಟ್ಟ ಜೊತೆಗಾರ ಇಲ್ಲ. ಅದರ ಬದಲು ಕೈಯಿಂದ ಒತ್ತುವ ಲಿವರ್ ಮೆಷಿನ್, ಕೈಯಿಂದ ತಿರುಗಿಸುವ ಒಳ್ಳೆ ಗ್ರೈಂಡರ್ ತಗೊಳ್ಳೋದು ಜಾಣತನ. ಇದ್ದ ಹಣ ಒಂದಕ್ಕೇ ಸಾಲುತ್ತೆ ಅಂದರೆ ಗ್ರೈಂಡರ್ ಮೊದಲು.

ರೋಬೋಟ್‌ಗೆ ಕರೆಂಟ್ ಬೇಡ. ಪಂಪ್ ಇಲ್ಲ, ಬಾಯ್ಲರ್ ಇಲ್ಲ. ಅಲ್ಯೂಮಿನಿಯಂ ಮೈ, ಎರಡು ತೋಳು, ಒಂದು ಸ್ಟೀಲ್ ಪಿಸ್ಟನ್, ಅದರ ಸುತ್ತ ಸಿಲಿಕೋನ್ ಗ್ಯಾಸ್ಕೆಟ್. ಪುಡಿ ತುಂಬುವ ಆಳವಾದ ಬಾಸ್ಕೆಟ್ಟೇ ನೀರಿನ ಪಾತ್ರೆಯೂ ಹೌದು. ಪುಡಿ ಮೇಲೆ ಒಂದು ಲೋಹದ ಜಾಲರಿ, ಅದರ ಮೇಲೆ ಕುದಿ ನೀರು, ಮೇಲಿಂದ ಪಿಸ್ಟನ್. ಇಷ್ಟೇ. 1961ರಲ್ಲಿ ಫಾಯೆಮಾ ಕಂಪನಿಯ ಇ61 ಮೆಷಿನ್ ಬಂದು ಒತ್ತಡವನ್ನು ಎಲೆಕ್ಟ್ರಿಕ್ ಪಂಪ್‌ಗೆ ವಹಿಸಿತು. ಇವತ್ತು ಕೌಂಟರ್ ಹಿಂದೆ ಕೆಲಸ ಮಾಡಿದವರಲ್ಲಿ ಬಹುತೇಕರು ಒತ್ತಡವನ್ನು ಗೇಜ್‌ನಲ್ಲಿ ಕಂಡವರೇ ಹೊರತು ತೋಳಲ್ಲಿ ಕಂಡವರಲ್ಲ. 58 ಮಿ.ಮೀ. ಅಗಲದ ಪಕ್ (ಅದುಮಿದ ಪುಡಿಯ ಬಿಲ್ಲೆ) ಮೇಲೆ 9 ಬಾರ್ ಅಂದರೆ ಎಷ್ಟು ಗೊತ್ತಾ? ಅದರ ವಿಸ್ತೀರ್ಣ ಸುಮಾರು 26.4 ಚದರ ಸೆಂ.ಮೀ., ಹಾಗಾಗಿ ಅದರ ಮೇಲೆ ಬೀಳೋದು ಸುಮಾರು 240 ಕಿಲೋ ಭಾರ. ಎರಡು ತೋಳಿನ ಸನ್ನೆಯಿಂದಾಗಿ ಮಾಮೂಲಿ ಮೈತೂಕದವರೂ ಇದನ್ನು ಒತ್ತಬಹುದು. ಆದರೆ ಮೆಷಿನ್ ಎದೆ ಎತ್ತರದ ಮೇಜಿನ ಮೇಲಿದ್ದರೆ ಭುಜ ನೋಯುತ್ತೆ. ಸೊಂಟಕ್ಕಿಂತ ಸ್ವಲ್ಪ ತಗ್ಗಿದ ಮೇಜು ಹುಡುಕಿ, ಮೊಣಕೈ ನೇರವಿಟ್ಟು ಮೈಭಾರ ಬಿಡಬೇಕು.

ಒಂದು ಶಾಟ್‌ನ ಕ್ರಮ ಹೀಗೆ. 18 ಗ್ರಾಂ ಬೀಜ ತೂಗಿ, ಒಂದು ಹನಿ ನೀರು ಚಿಮುಕಿಸಿ ಕಲಸಿದರೆ ಪುಡಿ ಗ್ರೈಂಡರ್ ಗೋಡೆಗೆ ಅಂಟಲ್ಲ. ಬೀಸಿದ ಪುಡಿಯನ್ನು ಬಾಸ್ಕೆಟ್‌ಗೆ ಹಾಕಿ, 0.4 ಮಿ.ಮೀ.ಗಿಂತ ದಪ್ಪವಿಲ್ಲದ ಸೂಜಿಗಳಿಂದ ತಳದವರೆಗೂ ಗಂಟು ಬಿಡಿಸಿ, ಆಮೇಲೆ ಮೇಲ್ಪದರ ಮಾತ್ರ ಸಮ ಮಾಡಿ ಟ್ಯಾಂಪ್, ಅಂದರೆ ಅದುಮಿ ಕೂರಿಸೋದು. ಬಾಸ್ಕೆಟ್ ಆಳವಾಗಿರೋದರಿಂದ ಟ್ಯಾಂಪರ್ ಓರೆಯಾದರೆ ಕಣ್ಣಿಗೆ ಬೇಗ ಬೀಳಲ್ಲ. ಬೆರಳ ತುದಿಯಿಂದ ಅಂಚಿನ ಸುತ್ತ ತಡವಿ ನೋಡಬೇಕು. ಜಾಲರಿ ಇಟ್ಟು, ಕುದಿ ನೀರನ್ನು ಅಂಚಿಗೆ ಒಂದು ಸೆಂ.ಮೀ. ಕಮ್ಮಿ ಇರುವಂತೆ ತುಂಬಿಸಿ. 36 ಗ್ರಾಂ ಲೋಟಕ್ಕೆ ಇಳಿಯಬೇಕು, ಪುಡಿ ತನ್ನ ತೂಕದಷ್ಟು ನೀರನ್ನು ಹೀರಿಟ್ಟುಕೊಳ್ಳುತ್ತೆ, ಹಾಗಾಗಿ 60 ಗ್ರಾಂಗಿಂತ ಕಮ್ಮಿ ನೀರು ಹಾಕಿದರೆ ಸಾಲಲ್ಲ. ನೀರು ಕಮ್ಮಿಯಾದರೆ ಮೇಲಿನ ಗಾಳಿ ಸ್ಪ್ರಿಂಗ್‌ನಂತೆ ಅದುಮಿಕೊಂಡು ತೋಳು ಮೆತ್ತಗೆ ಅನ್ನಿಸುತ್ತೆ, ಶಾಟ್ ಮುಗಿಯೋ ಮುಂಚೆ ತೋಳು ತಳ ಮುಟ್ಟುತ್ತೆ. ಜಾಸ್ತಿಯಾದರೆ ಪೋರ್ಟಾಫಿಲ್ಟರನ್ನು (ಬಾಸ್ಕೆಟ್ ಕೂರುವ ಹಿಡಿಯನ್ನು) ಮೆಷಿನ್‌ಗೆ ಲಾಕ್ ಮಾಡುವಾಗಲೇ ಕೈ ಮೇಲೆ ಚೆಲ್ಲುತ್ತೆ.

ಲಾಕ್ ಆದ ಮೇಲೆ ಮೊದಲು 2 ಬಾರ್‌ನಷ್ಟು, ಬರೀ ತೋಳಿನ ಭಾರ ಬಿಟ್ಟಂತೆ. ಮೊದಲ ಹನಿ ಕಾಣುವವರೆಗೆ, ಸುಮಾರು 6ರಿಂದ 10 ಸೆಕೆಂಡ್. ಅಲ್ಲಿಂದ 3 ಸೆಕೆಂಡಲ್ಲಿ 8 ಬಾರ್‌ಗೆ ಏರಿಸಿ, ಕೊನೆಯ 10 ಗ್ರಾಂಗೆ ನಿಧಾನವಾಗಿ 6ಕ್ಕೆ ಇಳಿಸಿ. ಒಟ್ಟು 30ರಿಂದ 38 ಸೆಕೆಂಡ್. ಮುಗಿದ ಕೂಡಲೇ ತೋಳನ್ನು ಥಟ್ಟನೆ ಎತ್ತಬಾರದು, ಪಿಸ್ಟನ್ ಪಕ್ಕನ್ನು ಮೇಲಕ್ಕೆ ಹೀರಿ ಗ್ಯಾಸ್ಕೆಟ್ ಪೂರ್ತಿ ಪುಡಿ ಮೆತ್ತಿಕೊಳ್ಳುತ್ತೆ. ಒತ್ತಡ ಉಳಿದಿರುವಾಗಲೇ ಪೋರ್ಟಾಫಿಲ್ಟರ್ ತಿರುಗಿಸಿದರೆ ಇನ್ನೂ ಕಷ್ಟ: ಬಿಸಿ ಕೆಸರು ಮುಖಕ್ಕೇ ಸಿಡಿಯುತ್ತೆ. ತೋಳನ್ನು ಎರಡು ಬೆರಳಷ್ಟು ಎತ್ತಿ, ಗೇಜ್ ಸೊನ್ನೆಗೆ ಬಂದಮೇಲೆ ತೆಗೀರಿ. ಕೆಳಗೆ ಬೇರೆ ಲೋಟ ಇಡಿ, ಮಿಕ್ಕ ನೀರು ತೊಟ್ಟಿಕ್ಕುತ್ತಲೇ ಇರುತ್ತೆ.

ಇನ್ನು ಆ ಜಾಲರಿ. ಕೌಂಟರ್ ಹಿಂದೆ ಪಳಗಿದವರ ಕೈ ಶಾಟ್ ಮುಗೀತಿದ್ದಂಗೆ ತಾನಾಗೇ ನಾಕ್ ಬಾಕ್ಸ್ (ಪಕ್ ಬಡಿದು ಹಾಕುವ ಡಬ್ಬಿ) ಕಡೆ ಹೋಗುತ್ತೆ, ಒಂದೇ ಏಟಿಗೆ ಪಕ್ ಬೀಳುತ್ತೆ. ಇಲ್ಲಿ ಪಕ್ ಜೊತೆ ಜಾಲರಿಯೂ ಬೀಳುತ್ತೆ. ಕಸದ ಬುಟ್ಟಿಯಿಂದ ಬಿಸಿ ಜಾಲರಿ ಹುಡುಕುವ ಕೆಲಸ ಬೇಡ ಅಂದರೆ ಮೊದಲು ಅದನ್ನು ಚಮಚದ ತುದಿಯಿಂದ ಎಬ್ಬಿಸಿ, ಆಮೇಲೆ ಬಡೀರಿ.

ಈಗ ರೋಬೋಟ್‌ನ ದೊಡ್ಡ ಗುಣಕ್ಕೆ ಬರೋಣ. ಬರಿಸ್ತಾ ಪಾಲಿಗೆ ದೊಡ್ಡ ಅಪಾಯವೂ ಅದೇ. ಇದು ಕ್ಷಮಿಸುತ್ತೆ. ಪಂಪ್ ಮೆಷಿನ್ 9 ಬಾರ್ ಅಂದರೆ 9 ಬಾರ್. ಪುಡಿ ದಪ್ಪಗಿದ್ದರೆ ಶಾಟ್ 17 ಸೆಕೆಂಡಲ್ಲಿ ಓಡಿಹೋಗಿ ನಿಮ್ಮ ತಪ್ಪನ್ನು ಮುಖಕ್ಕೆ ಹೇಳುತ್ತೆ. ರೋಬೋಟ್‌ನಲ್ಲಿ ಶಾಟ್ ಜೋರಾಗಿ ಓಡುತ್ತಿದೆ ಅನ್ನಿಸಿದ ಕೂಡಲೇ ನಿಮ್ಮ ತೋಳು ತಾನಾಗಿ ಹಗುರಾಗುತ್ತೆ, ಕಟ್ಟಿಕೊಂಡರೆ ತಾನಾಗಿ ಭಾರ ಹಾಕುತ್ತೆ. ಗಡಿಯಾರದಲ್ಲಿ 32 ಸೆಕೆಂಡೇ ಬರುತ್ತೆ, ಗ್ರೈಂಡ್ (ಪುಡಿಯ ನುಣುಪು) ಮಾತ್ರ ಎಲ್ಲೋ ಇರುತ್ತೆ. ಆರು ತಿಂಗಳು ಹೀಗೆ ಕಳೆದವರು ಟ್ರಯಲ್ ಶಿಫ್ಟಲ್ಲಿ ಗ್ರೈಂಡರ್ ಮುಂದೆ ತಡವರಿಸುತ್ತಾರೆ. ಅದಕ್ಕೇ ಗೇಜ್ ಇಲ್ಲದ ರೆಗ್ಯುಲರ್ ಮಾದರಿ ನಿಮಗಲ್ಲ, ಗೇಜ್ ಇರುವ ಬರಿಸ್ತಾ ಮಾದರಿಯನ್ನೇ ತಗೊಳ್ಳಿ. ಹೊಸ ಬೀಜದ ಮೊದಲ ಮೂರು ಶಾಟ್‌ಗೆ ಮುಳ್ಳನ್ನು 8ರ ಮೇಲೆ ಕದಲದಂತೆ ಹಿಡಿದು, ಹೇಗೆ ಬರುತ್ತೋ ಹಾಗೆ ಬಿಡಿ. 20 ಸೆಕೆಂಡಲ್ಲಿ ಮುಗಿದರೆ ಮುಗೀಲಿ, ಗ್ರೈಂಡರ್ ಮಾತ್ರ ಸರಿಸಿ. ಒತ್ತಡದ ಆಟ ಎಲ್ಲಾ ಗ್ರೈಂಡ್ ಕೂತ ಮೇಲೆ.

ಬಿಸಿಯ ವಿಚಾರದಲ್ಲಿ ತಯಾರಕರು ಮುಂಚೆ ಕಾಯಿಸೋದು ಬೇಡ ಅಂತಾರೆ. ಮಧ್ಯಮ, ಗಾಢ ಹುರಿತಕ್ಕೆ ಆ ಮಾತು ಸರಿ. ತಣ್ಣನೆ ಬಾಸ್ಕೆಟ್ ಕುದಿ ನೀರಿನ ಒಂದಷ್ಟು ಡಿಗ್ರಿ ಕದ್ದುಕೊಂಡರೂ ಶಾಟ್ ಸಿಹಿಯಾಗೇ ಬರುತ್ತೆ. ತಿಳಿ ಹುರಿತದಲ್ಲಿ ಮಾತ್ರ ಹುಳಿ ಚೂಪಾಗಿ, ಹಿಂದೆ ಏನೂ ಇಲ್ಲದಂತಾಗುತ್ತೆ. ಖಾಲಿ ಬಾಸ್ಕೆಟ್ಟನ್ನು ಕುದಿಯುವ ಕೆಟಲ್ ಬಾಯಿ ಮೇಲೆ ಒಂದು ನಿಮಿಷ ಇಟ್ಟು ಹಬೆಯಲ್ಲಿ ಕಾಯಿಸಿ, ಬಟ್ಟೆಯಿಂದ ಪೂರ್ತಿ ಒರೆಸಿ ಪುಡಿ ಹಾಕಿ. ಒರೆಸದಿದ್ದರೆ ಪುಡಿ ಗೋಡೆಗೆ ಅಂಟಿ ಅಂಚಲ್ಲೇ ಚಾನೆಲಿಂಗ್ (ನೀರು ಒಂದೇ ಸಂದಿಯಲ್ಲಿ ನುಸುಳಿ ಓಡೋದು) ಶುರುವಾಗುತ್ತೆ. ಎತ್ತರದ ಊರಲ್ಲಿರುವವರು ನೆನಪಿಡಬೇಕು, ಪ್ರತಿ 300 ಮೀಟರ್‌ಗೆ ಸುಮಾರು ಒಂದು ಡಿಗ್ರಿಯಂತೆ ಕುದಿಬಿಂದುವೇ ಇಳಿಯುತ್ತೆ. ಅವರಿಗೆ ಈ ಕಾಯಿಸೋ ಕೆಲಸ ತಪ್ಪಿದ್ದಲ್ಲ. ಇದು ಬೇಸರ ಅನ್ನೋರಿಗೆ ಫ್ಲೇರ್ 58 ಇದೆ. ಅದರ ಗ್ರೂಪ್ ಕರೆಂಟಿಂದ ಕಾಯುತ್ತೆ, ಕೆಫೆಯಲ್ಲಿ ಬಳಸುವ 58 ಮಿ.ಮೀ. ಬಾಸ್ಕೆಟ್, ಟ್ಯಾಂಪರ್ ಅದಕ್ಕೆ ಹೊಂದುತ್ತೆ. ತಿಳಿ ಹುರಿತವನ್ನೇ ಕುಡಿಯುವವರು ಅದನ್ನು ತಗೊಂಡರೆ ತಪ್ಪಿಲ್ಲ. ಸರಳತೆಯಲ್ಲಿ, ಸದ್ದಿಲ್ಲದ ಕೆಲಸದಲ್ಲಿ ರೋಬೋಟ್ ಮುಂದೆ.

ಗ್ರೈಂಡರ್ ಆರಿಸುವಾಗ ಬರ್‌ನ ಅಂದ ನೋಡೋದಕ್ಕಿಂತ ಒಂದು ಕ್ಲಿಕ್ ತಿರುಗಿಸಿದರೆ ಬರ್ ಎಷ್ಟು ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ) ಸರಿಯುತ್ತೆ ಅನ್ನೋದು ನೋಡಿ. ಕಮಾಂಡಾಂಟೆ ಸಿ40ಯಲ್ಲಿ ಕ್ಲಿಕ್‌ಗೆ ಸುಮಾರು 30. ಫಿಲ್ಟರ್ ಶೈಲಿಗೆ ಅದು ಸಾಕು, ಎಸ್ಪ್ರೆಸೊಗೆ ಒಂದು ಕ್ಲಿಕ್ ಇತ್ತ ಓಡುತ್ತೆ, ಅತ್ತ ಕಟ್ಟಿಕೊಳ್ಳುತ್ತೆ. ರೆಡ್ ಕ್ಲಿಕ್ಸ್ ಅನ್ನೋ ಬಿಡಿಭಾಗ ಹಾಕಿದರೆ ಅದು 15ಕ್ಕೆ ಇಳಿಯುತ್ತೆ. ಕಿಂಗ್‌ರೈಂಡರ್ ಕೆ6ರಲ್ಲಿ 16, ವನ್‌ಝಡ್‌ಪ್ರೆಸ್ಸೊ ಜೆ-ಅಲ್ಟ್ರಾದಲ್ಲಿ 8. ರೋಬೋಟ್ ಜೊತೆಗೆ 16ರ ಆಸುಪಾಸು ಆರಾಮಾಗಿ ಸಾಗುತ್ತೆ. ಇವೆಲ್ಲ ಶಂಕುವಿನಾಕಾರದ ಬರ್‌ಗಳು. ಕೆಫೆಯ ಚಪ್ಪಟೆ ಬರ್‌ಗೆ ಒಗ್ಗಿದ ನಾಲಿಗೆಗೆ ಅದೇ ಬೀಜ ಇಲ್ಲಿ ಮೈ ತುಂಬಿಕೊಂಡು, ಹೂವಿನ ಹಣ್ಣಿನ ಗೆರೆಗಳು ಒಂದಕ್ಕೊಂದು ಕಲಸಿದಂತೆ ಅನ್ನಿಸಬಹುದು. ಬೀಜ ಕೆಟ್ಟಿದೆ ಅಂತ ಬೈಯ್ಯೋ ಮುಂಚೆ ಇದನ್ನು ಲೆಕ್ಕಕ್ಕೆ ಹಿಡೀರಿ.

ನೀರಲ್ಲಿ ರೋಬೋಟ್ ಕೆಫೆ ಮೆಷಿನ್‌ಗಿಂತ ಅನುಕೂಲ. ಬಾಯ್ಲರ್ ಇಲ್ಲ, ಹಾಗಾಗಿ ಒಳಗೆ ಸುಣ್ಣ ಕಟ್ಟಿಕೊಳ್ಳೋ ಭಯ ಇಲ್ಲ, ಒಂದೊಂದು ಲೋಟಕ್ಕೆ ಒಂದೊಂದು ನೀರು ಹಾಕಿ ರುಚಿ ನೋಡಬಹುದು. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಎಪ್ಸಮ್ ಉಪ್ಪು 20 ಗ್ರಾಂ ಕರಗಿಸಿ ಒಂದು ಬಾಟಲಿ, ಇನ್ನೊಂದು ಲೀಟರ್‌ಗೆ ಅಡುಗೆ ಸೋಡಾ 6.7 ಗ್ರಾಂ ಕರಗಿಸಿ ಮತ್ತೊಂದು ಬಾಟಲಿ. ಎರಡರಿಂದಲೂ ತಲಾ 10 ಮಿ.ಲೀ. ತೆಗೆದು ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಸೇರಿಸಿದರೆ ಗಡಸುತನ ಸುಮಾರು 80 ಪಿಪಿಎಂ, ಕ್ಷಾರತೆ 40 ಪಿಪಿಎಂ. ಎಪ್ಸಮ್ ಉಪ್ಪು ತಿನ್ನಲು ಯೋಗ್ಯ ದರ್ಜೆಯದ್ದೇ ಆಗಿರಲಿ, ಸುವಾಸನೆ ಬೆರೆಸಿದ ಸ್ನಾನದ ಉಪ್ಪು ಬೇಡ. ನಲ್ಲಿ ನೀರಲ್ಲಿ ಮಂಕಾಗಿದ್ದ ಬೀಜ ಇದರಲ್ಲಿ ಬಾಯಿ ಬಿಟ್ಟರೆ, ಗ್ರೈಂಡರ್ ಮೇಲೆ ಹೊರಿಸಿದ್ದ ಆರೋಪ ವಾಪಸ್ ತಗೋಬೇಕಾಗುತ್ತೆ.

ಹಾಲಿಗೆ ರೋಬೋಟ್‌ನಿಂದ ಏನೂ ಇಲ್ಲ. ಸ್ಟೀಮ್ ವಾಂಡ್ (ಹಾಲನ್ನು ಕಾಯಿಸಿ ನೊರೆ ಏರಿಸುವ ಹಬೆ ಕೊಳವೆ) ಇಲ್ಲವೇ ಇಲ್ಲ. ಬೇಸರದ ಸಂಗತಿ ಅಂದರೆ ಕೈಯಿಂದ ಮೊದಲು ಜಾರೋದು ಹಾಲೇ. ಟ್ಯಾಂಪ್ ಮಾಡುವ ಮಣಿಕಟ್ಟು ವರ್ಷವಾದರೂ ಮರೆಯಲ್ಲ, ಗಾಳಿ ಎಳೆಯುವ ಆ ಮೊದಲ ಮೂರು ಸೆಕೆಂಡಿನ ‘ಚಿರ್ ಚಿರ್’ ಸದ್ದಿನ ಅಳತೆ ಬೇಗ ಮರೆಯುತ್ತೆ. ಒಲೆ ಮೇಲಿಡುವ ಬೆಲ್‌ಮನ್ ಸ್ಟೀಮರ್ ನಿಜವಾದ ಹಬೆ ಕೊಡುತ್ತೆ. ನೀರಿಗೆ ಒಂದೇ ಹನಿ ಪಾತ್ರೆ ಸೋಪು ಹಾಕಿ ಅದರಲ್ಲಿ ಅಭ್ಯಾಸ ಮಾಡಿದರೆ ಹಾಲು ದಂಡವಾಗಲ್ಲ. ಅದೂ ಇಲ್ಲದಿದ್ದರೆ 60 ಡಿಗ್ರಿಗೆ ಕಾಯಿಸಿದ 150 ಮಿ.ಲೀ. ಹಾಲನ್ನು ಫ್ರೆಂಚ್ ಪ್ರೆಸ್‌ಗೆ ಹಾಕಿ, ಮೇಲ್ಮಟ್ಟದಲ್ಲಿ ಹತ್ತು ಹನ್ನೆರಡು ಸಣ್ಣ ಏಟು, ಆಮೇಲೆ ಮುಳುಗಿಸಿಯೇ ಹತ್ತು ಏಟು. ಸುರಿಯುವ ಕೈ ಮಾತ್ರ ಉಳಿಯುತ್ತೆ, ಹಬೆಯ ಕೈ ಉಳಿಯಲ್ಲ.

ನಾಲಿಗೆಗೆ ಮೆಷಿನ್ನೇ ಬೇಡ. ಕಪ್ಪಿಂಗ್ (ಬಟ್ಟಲಲ್ಲೇ ಪುಡಿಗೆ ಬಿಸಿ ನೀರು ಹಾಕಿ ರುಚಿ ನೋಡೋದು) ಸಾಕು: 150 ಮಿ.ಲೀ. ನೀರಿಗೆ 8.25 ಗ್ರಾಂ ಪುಡಿ, ನೀರು 93 ಡಿಗ್ರಿ, 4 ನಿಮಿಷಕ್ಕೆ ಮೇಲಿನ ಪದರ ಒಡೆದು, ಹತ್ತು ನಿಮಿಷದ ಮೇಲೆ ರುಚಿ. ಆದರೆ ಒಂದೇ ಬೀಜವನ್ನು ಒಬ್ಬರೇ ಕುಡಿದು ಅಂಕ ಕೊಡುತ್ತಾ ಕೂತರೆ ನಾಲಿಗೆ ತನ್ನನ್ನೇ ತಾನು ಒಪ್ಪಿಕೊಳ್ಳುತ್ತಾ ಹೋಗುತ್ತೆ. ಮೂರು ಬಟ್ಟಲಿಟ್ಟು, ಎರಡರಲ್ಲಿ ಒಂದು ಬೀಜ, ಮೂರನೆಯದರಲ್ಲಿ ಬೇರೆ; ತಳಕ್ಕೆ ಗುರುತು ಹಾಕಿ, ಮನೆಯವರ ಕೈಲಿ ಜಾಗ ಬದಲಿಸಿ, ಬೇರೆಯದನ್ನು ಹುಡುಕೋದು ಒಳ್ಳೇದು. ಸುಮ್ಮನೆ ಊಹಿಸಿದರೂ ಮೂರಕ್ಕೊಂದು ಸಲ ಸರಿಯಾಗುತ್ತೆ, ಹಾಗಾಗಿ ಒಂದೆರಡು ಸುತ್ತಿನ ಗೆಲುವನ್ನು ನಂಬಬೇಡಿ. ಸ್ಟಾಫ್ ರಿಯಾಯಿತಿ ಹೋದಮೇಲೆ ಬೀಜ ಹಾಳಾಗಬಾರದು ಅಂದರೆ 18 ಗ್ರಾಂನ ಪೊಟ್ಟಣ ಕಟ್ಟಿ, ಗಾಳಿಯಾಡದಂತೆ ಮುಚ್ಚಿ ಫ್ರೀಜ್ ಮಾಡಿ, ಒಂದೊಂದನ್ನೇ ತೆಗೆದು ಬಿಚ್ಚಿದ ಕೂಡಲೇ ಪುಡಿ ಮಾಡಿ. ಹೆಪ್ಪುಗಟ್ಟಿದ ಬೀಜದ ಪುಡಿ ಸ್ವಲ್ಪ ಬೇರೆ ಥರ ಬರೋದರಿಂದ ಗ್ರೈಂಡ್ ಮತ್ತೆ ಸರಿಮಾಡಬೇಕಾಗಬಹುದು.

ತೊಳೆಯೋದು ಸುಲಭ. ಪಿಸ್ಟನ್ ಒದ್ದೆ ಬಟ್ಟೆಯಿಂದ ಒರೆಸಿ, ಬಾಸ್ಕೆಟ್, ಜಾಲರಿ ಬಿಸಿ ನೀರಲ್ಲಿ. ಅಲ್ಯೂಮಿನಿಯಂ ಮೈಯನ್ನು ಡಿಶ್‌ವಾಷರ್‌ಗೆ ಹಾಕಬೇಡಿ, ಕಪ್ಪಾಗುತ್ತೆ.

ವೇಗದ ಮಾತು ಬಂದರೆ, ಕೈಯಲ್ಲಿ ಬೀಸೋದೂ ಸೇರಿ ಒಂದು ಶಾಟ್‌ಗೆ ನಾಲ್ಕೈದು ನಿಮಿಷ. ನಾಲ್ಕು ಜನಕ್ಕೆ ಮಾಡೋ ಹೊತ್ತಿಗೆ ಮೊದಲನೆಯವರ ಲೋಟ ತಣ್ಣಗಾಗಿರುತ್ತೆ. ಸಾಲಲ್ಲಿ ಆರು ಆರ್ಡರ್ ನಿಂತಾಗ ಯಾವ ಹಾಲು ಮೊದಲು, ಯಾವ ಶಾಟ್ ಮೊದಲು ಅನ್ನೋ ಲೆಕ್ಕ ಇಲ್ಲಿ ಕಲಿಯೋಕಾಗಲ್ಲ, ಉಳಿಸಿಕೊಳ್ಳೋಕೂ ಆಗಲ್ಲ. ಟ್ರಯಲ್‌ಗೆ ಕರೆ ಬಂದರೆ, ಪರಿಚಯದವರ ಕೌಂಟರಲ್ಲಿ ಎರಡು ತಾಸು ನಿಲ್ಲೋಕೆ ಬಿಡಿ ಅಂತ ಕೇಳಿ. ಅಲ್ಲಿ ಮೊದಲು ಗಮನ ಇಡಬೇಕಾದ್ದು ಗ್ರೂಪ್ ಫ್ಲಶ್, ಅಂದರೆ ಶಾಟ್‌ಗೆ ಮುಂಚೆ ಗ್ರೂಪಿಂದ ಸ್ವಲ್ಪ ನೀರು ಹರಿಸಿ ಬಿಡೋದು. ರೋಬೋಟ್‌ಗೆ ಅದು ಬೇಡವೇ ಬೇಡ, ಹಾಗಾಗಿ ಕೈ ಅದನ್ನು ಮರೆತಿರುತ್ತೆ, ಟ್ರಯಲ್ ನೋಡುವವರ ಕಣ್ಣು ಮೊದಲು ಹೋಗೋದೂ ಅಲ್ಲಿಗೇ.