ಮೆಕ್ಯಾನಿಕ್ ಸ್ಟೆತಸ್ಕೋಪ್: ಬೆಲ್ಟ್ ಬದಲಿಸುವ ಮೊದಲು ಇದು ಕೈಲಿರಲಿ

ಕೆಲವು ನೂರು ರೂಪಾಯಿಗೆ ಸಿಗುವ ಮೆಕ್ಯಾನಿಕ್ ಸ್ಟೆತಸ್ಕೋಪ್ ಬಗ್ಗೆ ಬರೆಯುತ್ತಿದ್ದೇನೆ. ಡಾಕ್ಟರ ಹತ್ತಿರ ಇರುವಂಥದ್ದೇ. ಆದರೆ ಎದೆಗೆ ಇಡುವ ಬಿಲ್ಲೆಯ ಜಾಗದಲ್ಲಿ ಉದ್ದನೆಯ ಉಕ್ಕಿನ ಕಡ್ಡಿ ಇರುತ್ತದೆ. ಅದನ್ನು ತಾಗಿಸಿದ ಭಾಗದ ಸದ್ದು ಕಿವಿಗೆ ಕೇಳುತ್ತದೆ. ಕೊಂಡು ಕೆಲವು ವರ್ಷವಾಯಿತು. ನಮ್ಮದು 1.3 ಲೀಟರ್ ಡೀಸೆಲ್ ಕಾರು. ಮಂಡ್ಯ, ಮೈಸೂರು ನಡುವೆ ಓಡಾಟ ಜಾಸ್ತಿ. ಕಬ್ಬು ಕಡಿಯುವ ಕಾಲದಲ್ಲಿ ಹಳ್ಳಿ ರಸ್ತೆಯ ಧೂಳೂ ತಪ್ಪಿದ್ದಲ್ಲ.

ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಕಿರುಚುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಸುಮ್ನೆ ಬಾನೆಟ್ ಎತ್ತಿ, "ಫ್ಯಾನ್ ಬೆಲ್ಟ್ ಸಾರ್, ಹೊಸದು ಹಾಕ್ಬಿಡೋಣ" ಅಂದರು. ಹಾಕಿದರು. ಮರುದಿನ ಬೆಳಗ್ಗೆ ಸದ್ದು ಹಾಗೇ ಇತ್ತು. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಬೇಜಾರಾಗಿದ್ದು, ಯಾರೂ ಆ ಸದ್ದನ್ನು ಕಿವಿಗೊಟ್ಟು ಕೇಳಲೇ ಇಲ್ಲ ಅನ್ನುವುದಕ್ಕೆ.

ಈ ಬೆಲ್ಟನ್ನು ಎಂಜಿನ್ನಿನ ಮುಖ್ಯ ದಂಡಕ್ಕೆ ಕೂರಿಸಿದ ಗಾಲಿ, ಅಂದರೆ ಕ್ರ್ಯಾಂಕ್ ಪುಲ್ಲಿ, ಎಳೆಯುತ್ತದೆ. ಬೆಲ್ಟು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಎರಡನ್ನೂ ತಿರುಗಿಸುತ್ತದೆ. ನಮ್ಮ ಕಾರಿನಲ್ಲಿ ಎಂಜಿನ್ ತಣ್ಣಗಿಡುವ ವಾಟರ್ ಪಂಪಿಗೂ ಇದೇ ಆಧಾರ. ಇದನ್ನು ಬಿಗಿಯಾಗಿಡಲು ಟೆನ್ಷನರ್ ಇದೆ. ಇಷ್ಟರಲ್ಲಿ ಯಾವುದರ ಬೇರಿಂಗ್ (ಸಲೀಸಾಗಿ ತಿರುಗಲು ಒಳಗಿರುವ ಗುಂಡುಗಳ ಬಳೆ) ಸವೆದರೂ ಹೊರಗಿನಿಂದ ಕೇಳುವವರಿಗೆ ಬೆಲ್ಟೇ ಕೂಗಿದ ಹಾಗೆ ಇರುತ್ತದೆ.

ಸ್ಟೆತಸ್ಕೋಪ್ ಹಿಡಿಯುವ ಮೊದಲು ನೀರಿನ ಪರೀಕ್ಷೆ ಮಾಡಿ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಬೆಲ್ಟಿನ ಉದ್ದಕ್ಕೂ ಸಣ್ಣ ಕಾಲುವೆಯಂಥ ಗೀರು ಇರುವ ಬದಿಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಹೊಡೆಯಬೇಕು. ಸದ್ದು ಜಾಸ್ತಿಯಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು ಅಂತ. ಒಂದು ಗಳಿಗೆ ನಿಂತು ಮತ್ತೆ ಬಂದರೆ ಯಾವುದೋ ಪುಲ್ಲಿ ಸಾಲು ತಪ್ಪಿರುತ್ತದೆ. ಆಗ ಬರುವುದು ಚಿಕ್ ಚಿಕ್ ಅನ್ನುವ ಬಿಟ್ಟು ಬಿಟ್ಟು ಕೇಳುವ ಸದ್ದು. ನೀರು ಬಿದ್ದರೂ ಏನೂ ಬದಲಾಗದಿದ್ದರೆ ಬೇರಿಂಗ್ ಮೇಲೆ ಅನುಮಾನ ಪಡಬೇಕು. ನಮ್ಮ ಕಾರಿನಲ್ಲಿ ಏನೂ ಬದಲಾಗಲಿಲ್ಲ.

ಸ್ಟೆತಸ್ಕೋಪ್ ಕೆಲಸ ಇಲ್ಲಿಂದ ಶುರು. ಕಡ್ಡಿಯನ್ನು ತಿರುಗುವ ಭಾಗಕ್ಕೆ ಯಾವತ್ತೂ ತಾಗಿಸಬಾರದು. ಆಲ್ಟರ್ನೇಟರಿನ ಮುಂಭಾಗದ ಲೋಹದ ಮೈ, ಕಂಪ್ರೆಸರ್ ಮೈ, ಟೆನ್ಷನರ್ ಪುಲ್ಲಿಯ ನಡುವಿನ ಬೋಲ್ಟ್, ಇವು ಅಲ್ಲಾಡದ ಜಾಗಗಳು. ಆಲ್ಟರ್ನೇಟರಿನಲ್ಲಿ ಒಂದೇ ಸಮನೆ ಮೆಲ್ಲಗಿನ ಗುಂಯ್ ಇತ್ತು. ಕಂಪ್ರೆಸರ್ ಅದಕ್ಕಿಂತ ಶಾಂತ. ಟೆನ್ಷನರ್ ಬೋಲ್ಟಿಗೆ ಇಟ್ಟೆ ನೋಡಿ, ಮರಳು ಅರೆದ ಹಾಗೆ ಗರಗರ! ಹತ್ತಿರದ ಭಾಗಗಳ ಸದ್ದೂ ಲೋಹದಲ್ಲಿ ಹರಿದು ಬರುವುದರಿಂದ ಒಂದೇ ಕಡೆ ಕೇಳಿ ತೀರ್ಮಾನಿಸಬೇಡಿ. ಎಲ್ಲ ಕಡೆ ಇಟ್ಟು, ಎಲ್ಲಿ ಜೋರು ಅಂತ ಹೋಲಿಸಬೇಕು.

ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಹೋಗಿ ಇದನ್ನೇ ಕೇಳಿಸಿದೆ. ಅವರು ಕಡ್ಡಿ ಇಟ್ಟು ಕೇಳಿ, "ಕರೆಕ್ಟಾಗೇ ಹೇಳಿದ್ರಿ ಸಾರ್, ಬಿಚ್ಚೇ ನೋಡೋಣ" ಅಂದರು. ಎಂಜಿನ್ ಆರಿಸಿ ಬೆಲ್ಟ್ ಬಿಚ್ಚಿದರು. ಹಾಗೇ ಕೆಲವೇ ಸೆಕೆಂಡು ಸ್ಟಾರ್ಟ್ ಮಾಡಿದಾಗ ಸದ್ದಿಲ್ಲ, ಅಂದರೆ ತೊಂದರೆ ಬೆಲ್ಟಿನ ಕಡೆಯದ್ದೇ. ವಾಟರ್ ಪಂಪ್ ತಿರುಗದ ಕಾರಣ ಜಾಸ್ತಿ ಹೊತ್ತು ಓಡಿಸಬಾರದು. ಆಮೇಲೆ ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿದರು. ಟೆನ್ಷನರಿನದು ಗ್ರೀಸ್ ಒಣಗಿ ಗರಗರನೆ ಬಹಳ ಹೊತ್ತು ಸುತ್ತಿತು. ಗ್ರೀಸ್ ಇರುವ ಒಳ್ಳೆ ಬೇರಿಂಗ್ ಸದ್ದಿಲ್ಲದೆ ತಿರುಗಿ ಬೇಗ ನಿಲ್ಲುತ್ತದೆ. ಟೆನ್ಷನರ್ ಬದಲಿಸಿದ ಮೇಲೆ ಕಿರುಚಾಟ ಪೂರ್ತಿ ನಿಂತಿತು.

ಆಮೇಲೆ ನಾನೇ ಬಿಡುವಾದಾಗ ಎಲ್ಲ ಕಡೆ ಕೇಳಿ ನೋಡುತ್ತೇನೆ. ಒಳ್ಳೆಯ ಸ್ಥಿತಿಯಲ್ಲಿರುವಾಗಿನ ಸದ್ದು ಗೊತ್ತಿದ್ದರೆ ಕೆಟ್ಟದ್ದು ತಕ್ಷಣ ಗೊತ್ತಾಗುತ್ತದೆ ಅಲ್ವಾ? ಡೀಸೆಲ್ ಕಾರಿನವರು ಆಲ್ಟರ್ನೇಟರ್ ಪುಲ್ಲಿಯನ್ನೂ ಗಮನಿಸಿ. ಡೀಸೆಲ್ ಎಂಜಿನ್ನಿನ ತಿರುಗುವಿಕೆ ಒಂದೇ ಸಮ ಇರುವುದಿಲ್ಲ. ಆ ಕುಲುಕಾಟ ತಗ್ಗಿಸಲು ಹಲವು ಕಾರುಗಳಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಪುಲ್ಲಿ ಹಾಕಿರುತ್ತಾರೆ. ಅದು ಜಾಮ್ ಆದರೆ ಬೆಲ್ಟ್, ಟೆನ್ಷನರ್ ಎರಡೂ ನಡುಗುತ್ತವೆ. ಹೊಸ ಟೆನ್ಷನರೂ ಬೇಗ ಹಾಳಾಗುತ್ತದೆ.

ಸ್ಟೆತಸ್ಕೋಪಿನಿಂದ ಆಗದ ಕೆಲಸವೂ ಇದೆ. ಬೆಲ್ಟಿನ ಸವೆತ ಇದರಲ್ಲಿ ಗೊತ್ತಾಗುವುದಿಲ್ಲ. ಈಗಿನ ಇಪಿಡಿಎಂ ಅನ್ನುವ ಕೃತಕ ರಬ್ಬರಿನ ಬೆಲ್ಟುಗಳು ಹಳೆಯವುಗಳ ಹಾಗೆ ಸುಲಭಕ್ಕೆ ಬಿರುಕು ಬಿಡುವುದಿಲ್ಲ, ಒಳಗೊಳಗೇ ಸವೆಯುತ್ತವೆ. ಅದಕ್ಕೆ ಗೀರಿನ ಆಳ ಅಳೆಯುವ ಗೇಜ್ ಬೇಕು. ಸದ್ದು ನಿಲ್ಲಲಿ ಅಂತ ಬೆಲ್ಟಿಗೆ ಸ್ಪ್ರೇ ಹೊಡೆಸಿಕೊಳ್ಳಬೇಡಿ. ಸದ್ದು ಅಡಗಬಹುದು, ತೊಂದರೆ ಹಾಗೇ ಉಳಿಯುತ್ತದೆ.

ಬಳಸುವಾಗ ಶಾಲು, ವೇಲು, ಸಡಿಲ ತೋಳು ಯಾವುದೂ ಬೇಡ. ಸ್ಟೆತಸ್ಕೋಪಿನ ಕೊಳವೆಯೂ ಬೆಲ್ಟಿನ ಕಡೆ ಜೋತು ಬೀಳದಂತೆ ಹಿಡಿಯಿರಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ನನ್ನದರ ಕೊಳವೆ ಬಿಸಿಗೆ ಸ್ವಲ್ಪ ಗಟ್ಟಿಯಾಗಿದೆ. ಕಿವಿಗೆ ಹಾಕುವ ತುದಿ ಜಾಸ್ತಿ ಹೊತ್ತಾದರೆ ನೋಯಿಸುತ್ತದೆ. ಅದಕ್ಕೆ ಒಂದು ಅಂಕ ಕಡಿಮೆ: 5ಕ್ಕೆ 4.