ಒಂದು ಲ್ಯಾಪ್‌ಟಾಪ್, ಎರಡು ಸಂಸಾರ: ವರ್ಚುವಲ್‌ಬಾಕ್ಸಾ, ಡ್ಯುಯಲ್ ಬೂಟಾ?

ತುಮಕೂರಿನಲ್ಲಿ ನಂದೊಂದು ಡಿಟಿಪಿ ಅಂಗಡಿ. ವಿಂಡೋಸ್ ಇಲ್ಲದಿದ್ದರೆ ನಮ್ಮ ಹೊಟ್ಟೆಪಾಡು ನಡೆಯುವುದಿಲ್ಲ. ಗಿರಾಕಿಗಳು ತರುವ ಲಗ್ನಪತ್ರಿಕೆ, ಕರಾರುಪತ್ರ ಎಲ್ಲವೂ ಹಳೇ ನುಡಿ ಫಾಂಟಿನಲ್ಲೇ ಇರುತ್ತವೆ. ಮಗಳಿಗೋ ಇಂಜಿನಿಯರಿಂಗ್ ಲ್ಯಾಬಿಗೆ ಲಿನಕ್ಸ್ ಬೇಕು, ವಿಂಡೋಸಿನ ಹಾಗೇ ಇನ್ನೊಂದು ಆಪರೇಟಿಂಗ್ ಸಿಸ್ಟಂ. ಇರುವುದು ಒಂದೇ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ.

ಮೊದಲು ವರ್ಚುವಲ್‌ಬಾಕ್ಸ್ ಹಾಕಿದೆ. ಸಲೀಸು, ಬೇರೆ ಸಾಫ್ಟ್‌ವೇರ್ ಹಾಕಿದ ಹಾಗೇ. ವಿಂಡೋಸ್ ಒಳಗೇ ಒಂದು ಕಿಟಕಿಯಲ್ಲಿ ಲಿನಕ್ಸಿನ ಒಂದು ಬಗೆಯಾದ ಉಬುಂಟು 24.04 ಬಂದು ಕೂತಿತು. ಏನಾದರೂ ಕೆಟ್ಟರೆ ಮೊದಲೇ ಉಳಿಸಿಟ್ಟ ಸ್ಥಿತಿಗೆ, ಅಂದರೆ ಹಳೇ ಸ್ನ್ಯಾಪ್‌ಶಾಟ್‌ಗೆ ವಾಪಸ್ ಹೋದರೆ ಆಯ್ತು. ಮಗಳು ಒಂದೇ ವಾರದಲ್ಲಿ ಮೂರು ಸಲ ವಾಪಸ್ ಹೋದಳು! ಆದರೆ ಉಬುಂಟುಗೆ 4 ಜಿಬಿ ಕೊಟ್ಟ ಮೇಲೆ ವಿಂಡೋಸಿಗೆ ಉಳಿದಿದ್ದು 4. ಒಂದು ಮುದ್ದೆ ಇಬ್ಬರಿಗೆ ಹಂಚಿದ ಹಾಗೆ, ಯಾರ ಹೊಟ್ಟೆಯೂ ತುಂಬಲಿಲ್ಲ. ಫ್ಯಾನಿನ ಸದ್ದಂತೂ ಹಿಟ್ಟಿನ ಗಿರಣಿ.

ನಡುವೆ ಡಬ್ಲ್ಯೂಎಸ್‌ಎಲ್ ಕೂಡ ನೋಡಿದೆವು, ವಿಂಡೋಸಿನಲ್ಲೇ ಲಿನಕ್ಸ್ ಕಮಾಂಡ್ ಓಡಿಸುವ ಸೌಲಭ್ಯ ಅದು. ಬರೀ ಕಮಾಂಡ್ ಕಲಿಯೋಕೆ ಅದೇ ಸಾಕು. ಮಗಳಿಗೆ ಪೂರ್ತಿ ಡೆಸ್ಕ್‌ಟಾಪ್ ಬೇಕಿತ್ತು.

ಕೊನೆಗೆ ಡ್ಯುಯಲ್ ಬೂಟ್, ಅಂದರೆ ಎರಡನ್ನೂ ಡಿಸ್ಕಿನಲ್ಲಿ ಬೇರೆಬೇರೆ ಹಾಕಿ, ಆನ್ ಮಾಡುವಾಗ ಒಂದನ್ನು ಆರಿಸಿಕೊಳ್ಳುವುದು. ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ವಿಂಡೋಸಿನಿಂದ 60 ಜಿಬಿ ಬಿಡಿಸಿ, ಪೆನ್‌ಡ್ರೈವಿನಿಂದ ಉಬುಂಟು ಹಾಕಿದೆ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ನಂದು ಬಿಲ್ ಬುಕ್ಕಿನ ಬೆನ್ನ ಮೇಲಿದೆ.

ವೇಗದಲ್ಲಿ ಹೋಲಿಕೆಯೇ ಇಲ್ಲ. ಪೂರ್ತಿ 8 ಜಿಬಿ ಒಬ್ಬರಿಗೇ. ಆದರೆ ಕಿರಿಕಿರಿ ಬೇರೆ ಥರ. ಒಂದು ದಿನ ಉಬುಂಟುವಿನಲ್ಲಿ ಡಿ ಡ್ರೈವ್ ತೆಗೆದರೆ ಫೈಲ್ ಓದಬಹುದು, ಸೇವ್ ಆಗಲ್ಲ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಮಾಡಿದ ಕೆಲಸ ಅದು. ಶಟ್‌ಡೌನ್ ಅಂದರೂ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ, ಡ್ರೈವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಅದನ್ನು ಆಫ್ ಮಾಡಿದ ಮೇಲೆ ಸರಿಹೋಯ್ತು.

ಇನ್ನೊಂದು ಗಡಿಯಾರದ್ದು. ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆಗೆದು ವಿಂಡೋಸ್ ಹಾಕಿದರೆ ನಾಲ್ಕೂವರೆ ತೋರಿಸುತ್ತಿತ್ತು. ಬೋರ್ಡಿನ ಗಡಿಯಾರ ನಡೆಸುವ ಸಿಮೋಸ್ ಬ್ಯಾಟರಿ ಹೋಗಿದೆ ಅಂತ ಸುಮ್ನೆ ಹೊಸದು ಹಾಕಿಸಿದೆ, ದುಡ್ಡು ದಂಡ. ಬೋರ್ಡಿನ ಗಡಿಯಾರದಲ್ಲಿ ಉಬುಂಟು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ) ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮೂರ ಸಮಯ ಅಂದುಕೊಳ್ಳುತ್ತದೆ. ಐದೂವರೆ ಗಂಟೆ ವ್ಯತ್ಯಾಸ ಬಂದಿದ್ದು ಅಲ್ಲಿಂದ, ಅಲ್ವಾ? ಅದೂ ನಮ್ಮೂರ ಸಮಯವನ್ನೇ ಇಡಲಿ ಅಂತ ಉಬುಂಟುವಿನಲ್ಲಿ ಒಂದು ಟೈಮ್‌ಡೇಟ್‌ಸಿಟಿಎಲ್ ಕಮಾಂಡ್ ಕೊಟ್ಟೆ, ಮುಗೀತು.

16 ಜಿಬಿ ಇದ್ದಿದ್ದರೆ ನಾನು ವರ್ಚುವಲ್‌ಬಾಕ್ಸನ್ನೇ ಇಟ್ಟುಕೊಳ್ಳುತ್ತಿದ್ದೆ, ಎರಡೂ ಒಟ್ಟಿಗೇ ತೆರೆದಿರುತ್ತವಲ್ಲ. 8ಕ್ಕೆ ಡ್ಯುಯಲ್ ಬೂಟೇ ಸರಿ. ಏನಂದರೆ, ಪತ್ರಿಕೆಯಲ್ಲಿ ವರನ ಹೆಸರು ತಪ್ಪಾಗಿದೆ ಅಂತ ಗಿರಾಕಿ ಕೌಂಟರಿನ ಮುಂದೆ ನಿಂತಿರುತ್ತಾರೆ, ಒಳಗಿಂದ ಮಗಳ ದನಿ: "ಅಪ್ಪಾ, ಐದೇ ನಿಮಿಷ, ರೀಸ್ಟಾರ್ಟ್ ಮಾಡ್ಬೇಡ, ಕಂಪೈಲ್ ಆಗ್ತಿದೆ."