ನವೆಂಬರ್‌ನಲ್ಲಿ ಟಿಯೋಮನ್‌ಗೆ ಹೊರಟಿದ್ದೀರಾ? ನಮ್ಮ ಕಥೆ ಓದಿ ಆಮೇಲೆ ದುಡ್ಡು ಕಟ್ಟಿ

ನವೆಂಬರ್ ಅಂದರೆ ಕರಾವಳಿಯವರಿಗೆ ಏನು? ಮಳೆ ಮುಗಿದಿರುತ್ತದೆ, ಸಮುದ್ರ ಶಾಂತವಾಗಿರುತ್ತದೆ, ಮರವಂತೆಯಲ್ಲಿ ಪ್ರವಾಸಿಗಳ ಬಸ್ಸು ಸಾಲಾಗಿ ನಿಂತಿರುತ್ತವೆ. ನಾನು ಸಿಂಗಪುರಕ್ಕೆ ಬಂದು ಆರು ವರ್ಷವಾದರೂ ತಲೆಯೊಳಗಿನ ಕ್ಯಾಲೆಂಡರ್ ಗಂಗೊಳ್ಳಿಯದೇ. ಹಾಗಾಗಿ ದೀಪಾವಳಿಗೆ ಅಪ್ಪ, ಅಮ್ಮ ಬಂದಾಗ ಹಬ್ಬ ಮುಗಿದ ಮರುವಾರವೇ ಅವರನ್ನು ಕರೆದುಕೊಂಡು ನಾನೂ ನನ್ನ ಗಂಡನೂ ಮಲೇಷ್ಯಾದ ಟಿಯೋಮನ್ ದ್ವೀಪಕ್ಕೆ ಹೊರಟೆವು. ನವೆಂಬರ್ ಮಧ್ಯ. ಗುರುವಾರ ಹೋಗಿ ಭಾನುವಾರ ವಾಪಸ್. ಸೋಮವಾರ ರಾತ್ರಿ ಅವರಿಬ್ಬರಿಗೆ ಬೆಂಗಳೂರಿನ ವಿಮಾನ.

ಎಲ್ಲಕ್ಕಿಂತ ದೊಡ್ಡ ತಪ್ಪು ಇದೇ. ಮಲೇಷ್ಯಾದ ಪೂರ್ವ ಕರಾವಳಿಗೆ ಮಳೆ ತರುವುದು ಈಶಾನ್ಯ ಮಾರುತ. ಹೆಚ್ಚುಕಮ್ಮಿ ನವೆಂಬರ್‌ನಿಂದ ಫೆಬ್ರವರಿವರೆಗೆ ಅದರದ್ದೇ ಆಟ. ನಮ್ಮ ಆಷಾಢ ಅಲ್ಲಿ ಕಾರ್ತಿಕದಲ್ಲಿ ಬರುತ್ತದೆ ಅನ್ನಿ. ಟಿಯೋಮನ್, ರೆಡಾಂಗ್, ಪೆರ್ಹೆಂಟಿಯನ್ ಎಲ್ಲವೂ ಆ ಬದಿಯವೇ. ಆ ತಿಂಗಳುಗಳಲ್ಲಿ ಅಲ್ಲಿನ ಎಷ್ಟೋ ರೆಸಾರ್ಟ್‌ಗಳು ಬಾಗಿಲು ಹಾಕುತ್ತವೆ, ಫೆರಿಗಳೂ ಕಡಿಮೆಯಾಗುತ್ತವೆ. ಡಿಸೆಂಬರ್, ಜನವರಿಯಲ್ಲೇ ಬೀಚ್ ಬೇಕು ಅಂದರೆ ಪಶ್ಚಿಮದ ಲಂಕಾವಿ ನೋಡಿ, ಅಲ್ಲಿ ಆಗ ಒಣಹವೆ. ಇದೆಲ್ಲ ಎರಡು ನಿಮಿಷ ಹುಡುಕಿದ್ದರೆ ನನಗೆ ಸಿಗುತ್ತಿತ್ತು. ನಾನು ಹುಡುಕಲಿಲ್ಲ. ಬುಕ್ ಮಾಡಿದ ಏಜೆಂಟ್ ಹೇಳಲಿಲ್ಲ.

ಏಜೆಂಟ್ ಸಿಕ್ಕಿದ್ದು ಫೇಸ್‌ಬುಕ್‌ನಲ್ಲಿ. 'ಸೀಸನ್ ಮುಗಿಯುವ ಆಫರ್, ಅರ್ಧ ಬೆಲೆ, ಫೆರಿ ಸೇರಿ'. ಪೂರ್ತಿ ದುಡ್ಡು ಮುಂಗಡ. ಸೀಸನ್ ಯಾಕೆ ಮುಗಿಯುತ್ತಿದೆ ಅಂತ ಕೇಳುವ ಬುದ್ಧಿ ನನಗೆ ಬರಲೇ ಇಲ್ಲ. ಫೋಟೊ ಚೆನ್ನಾಗಿತ್ತು: ರೂಮಿನ ಜಗುಲಿ, ಮುಂದೆ ಮರಳು, ಸಮುದ್ರದಲ್ಲಿ ಮುಳುಗುತ್ತಿರುವ ಸೂರ್ಯ. ಕೆಳಗೆ ಊರಿನ ಹೆಸರು ಜುವಾರಾ. ಜುವಾರಾ ಇರುವುದು ದ್ವೀಪದ ಪೂರ್ವ ದಡದಲ್ಲಿ. ಅಲ್ಲಿ ಸೂರ್ಯ ಸಮುದ್ರದಿಂದ ಮೇಲೆ ಬರುತ್ತಾನೆ, ಮುಳುಗುವುದು ಹಿಂದಿನ ಗುಡ್ಡದ ಆಚೆ. ಅಂದರೆ ಫೋಟೊ ಆ ಜಾಗದ್ದೇ ಅಲ್ಲ. ಇದು ಹೊಳೆದದ್ದು ಅಲ್ಲಿಗೆ ಹೋಗಿ ಕೂತ ಮೇಲೆ.

ಮರ್ಸಿಂಗ್‌ನಿಂದ ಫೆರಿ. ಮರ್ಸಿಂಗ್ ಅಂದರೆ ಮಲೇಷ್ಯಾ ದಡದ ಬಂದರು. ಅಲ್ಲಿನ ನದೀಮುಖ ಆಳವಿಲ್ಲ. ಭರತ, ಅಂದರೆ ಉಬ್ಬರ, ಇದ್ದಾಗ ಮಾತ್ರ ಫೆರಿ ಹೊರಡುತ್ತದೆ, ಹಾಗಾಗಿ ವೇಳೆ ದಿನಾ ಬೇರೆ ಬೇರೆ. ಏಜೆಂಟ್ ಹತ್ತೂವರೆ ಅಂದಿದ್ದ. ಫೆರಿ ಹೊರಟದ್ದು ಎರಡೂವರೆಗೆ. ಬೆಳಗಿನ ಜಾವ ಎದ್ದು, ಗಡಿಯ ಕ್ಯೂ ದಾಟಿ, ಜೊಹೊರ್‌ನಿಂದ ಎರಡೂವರೆ ಗಂಟೆ ವ್ಯಾನ್‌ನಲ್ಲಿ ಬಂದ ಅಮ್ಮ ಕಟ್ಟೆಯ ಮೇಲೆ ಬ್ಯಾಗಿಗೆ ತಲೆಯಿಟ್ಟು ಮಲಗಿದ್ದರು. ಅಪ್ಪ ಮಾತ್ರ ಹೊಳೆ ಬದಿಗೆ ಹೋಗಿ ಮೀನುಗಾರರ ದೋಣಿ ನೋಡಿಕೊಂಡು ಬಂದರು. ಮೂವತ್ತು ವರ್ಷ ಮೀನಿನ ವ್ಯಾಪಾರ ಮಾಡಿದವರು. "ಸಣ್ಣ ದೋಣಿ ಎಲ್ಲಾ ಮೇಲ್ ಎಳ್ದ್ ಹಾಕಿರ್ ಕಾಣ್ ಮಗಾ" ಅಂದರು. ನಾನು ಹ್ಞೂಂ ಅಂದೆ. ಮೊಬೈಲ್ ನೋಡುತ್ತಿದ್ದೆ.

ಎರಡು ಗಂಟೆಯ ಆ ಪ್ರಯಾಣ ವಿವರಿಸುವುದಿಲ್ಲ. ಪ್ಲಾಸ್ಟಿಕ್ ಚೀಲ ಹಂಚಿದರು, ನಾವು ಬಳಸಿದೆವು.

'ಫೆರಿ ರೂಮಿನ ಹತ್ತಿರವೇ ಬಿಡುತ್ತದೆ' ಅಂತ ಏಜೆಂಟ್ ಹೇಳಿದ್ದೂ ಸುಳ್ಳು. ಫೆರಿ ನಿಲ್ಲುವುದು ಪಶ್ಚಿಮದ ಊರುಗಳಲ್ಲಿ: ಗೆಂಟಿಂಗ್, ಪಾಯಾ, ತೆಕೆಕ್, ಸಲಾಂಗ್ ಹೀಗೆ. ಜುವಾರಾಕ್ಕೆ ತೆಕೆಕ್‌ನಲ್ಲಿ ಇಳಿದು, ಕಾಡಿನ ಗುಡ್ಡ ಹತ್ತಿ ಇಳಿಯುವ ಕಡಿದಾದ ಕಾಂಕ್ರೀಟ್ ರಸ್ತೆಯಲ್ಲಿ ಜೀಪ್ ಮಾಡಿಕೊಂಡು ಹೋಗಬೇಕು. ತಲೆಗೆ ಇಷ್ಟು ಅಂತ ಬಾಡಿಗೆ, ನಗದಾಗಿ. ಕೈಯಲ್ಲಿದ್ದ ರಿಂಗಿಟ್‌ನಲ್ಲಿ ದೊಡ್ಡ ಪಾಲು ಅಲ್ಲೇ ಹೋಯಿತು.

ರೂಮಿಗೆ ಬಂದರೆ ಹುಡುಗರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟುತ್ತಿದ್ದರು. ಅಡುಗೆಮನೆ ಬಂದ್. ನೋಡಿಕೊಳ್ಳುವವನು ಪಾಪದವನು. ಆ ವರ್ಷದ ಕೊನೆಯ ಅತಿಥಿಗಳು ನಾವೇ ಅಂತ ನಗುತ್ತಾ ಹೇಳಿದ. ಏಜೆಂಟ್ ಅವರಿಗೆ ಕೊಟ್ಟಿದ್ದು ನಾನು ಕಟ್ಟಿದ್ದರಲ್ಲಿ ಅರ್ಧವೂ ಅಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಮಾರುತ ನೇರ ಬಂದು ಬಡಿಯುವುದೇ ಪೂರ್ವ ದಡಕ್ಕೆ. ಅಲೆ ಬೂದು ಬಣ್ಣ. ಕಾಲಿಡಲಿಕ್ಕೂ ಧೈರ್ಯವಾಗಲಿಲ್ಲ. ಶುಕ್ರವಾರ ಸಂಜೆ ಮಳೆ ಸ್ವಲ್ಪ ನಿಂತಿತು ಅಂತ ಮರಳಲ್ಲಿ ಕೂತದ್ದು ಇನ್ನೊಂದು ತಪ್ಪು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಕಚ್ಚುವಾಗ ಗೊತ್ತೇ ಆಗುವುದಿಲ್ಲ, ಮರುದಿನ ಅಮ್ಮನ ಎರಡೂ ಕಾಲು ಮಂಡಿವರೆಗೆ ಕೆಂಪು ಬೊಬ್ಬೆ. ಕೆರೆದು ಕೆರೆದು ಹದಿನೈದು ದಿನ ಒದ್ದಾಡಿದರು. ಈ ನುಸಿ ಒಳ್ಳೆಯ ಸೀಸನ್‌ನಲ್ಲೂ ಇರುತ್ತದಂತೆ. ಕಾಲು ಮುಚ್ಚುವ ಬಟ್ಟೆ ಹಾಕಿ, ಬರಿ ಮರಳಿನ ಮೇಲೆ ಕೂರಬೇಡಿ. ಹಬ್ಬದ ಚಕ್ಕುಲಿ ಡಬ್ಬಿ ಮಂಗಗಳ ಪಾಲಾದದ್ದು ಸಣ್ಣ ವಿಷಯ, ಬಿಡಿ. ಅಮ್ಮನಿಗೆ ಮಾತ್ರ ಅದು ಸಣ್ಣದಲ್ಲ.

ಭಾನುವಾರ ಬೆಳಿಗ್ಗೆ ಫೆರಿ ಇಲ್ಲ ಅಂತ ಸುದ್ದಿ ಬಂತು. ಸೋಮವಾರವೂ ಇಲ್ಲ. ವಿಮಾನ ತಪ್ಪುವುದು ಖಾತ್ರಿಯಾಯಿತು. ಅದಕ್ಕಿಂತ ಹೆದರಿಸಿದ್ದು ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆ. ನಾಲ್ಕೇ ದಿನ ಅಲ್ವಾ ಅಂತ ನಾನೇ ಎಣಿಸಿ ಕಟ್ಟಿದ್ದೆ. ಉಳಿದದ್ದು ಒಂದು ಹೊತ್ತಿನದು.

ಸೋಮವಾರ ಜೀಪಿನವನು ಸಿಗಲಿಲ್ಲ. ನನ್ನ ಗಂಡ ಮಳೆಯಲ್ಲೇ ನಡೆದುಕೊಂಡು ತೆಕೆಕ್‌ಗೆ ಹೊರಟರು. ಏಳು ಕಿಲೋಮೀಟರ್ ಆಸುಪಾಸು, ಪೂರ್ತಿ ಗುಡ್ಡ. ಎರಡೂವರೆ ಗಂಟೆ ಬೇಕಾಯಿತಂತೆ. ಎಟಿಎಂನಲ್ಲಿ ದುಡ್ಡು ಖಾಲಿ. ಸರ್ಕಾರಿ ಕ್ಲಿನಿಕ್ ಪುಣ್ಯಕ್ಕೆ ತೆರೆದಿತ್ತು. ಅಪ್ಪನ ಮಾತ್ರೆಯ ಫೋಟೊ ತೋರಿಸಿದ್ದಕ್ಕೆ ನೂರೆಂಟು ಪ್ರಶ್ನೆ ಕೇಳಿ, ಕೊನೆಗೆ ಐದು ದಿನಕ್ಕಾಗುವಷ್ಟು ಕೊಟ್ಟರು. ದ್ವೀಪಕ್ಕೆ ಹೋಗುವಾಗ ಮಾತ್ರೆ ಒಂದು ವಾರದ್ದು ಜಾಸ್ತಿ ಇರಲಿ, ಚೀಟಿಯೂ ಜೊತೆಗಿರಲಿ. ನಗದು ಮರ್ಸಿಂಗ್‌ನಲ್ಲೇ ತೆಗೆದುಕೊಳ್ಳಿ.

ಆ ಎರಡು ದಿನ ನಮಗೆ ಊಟ ಹಾಕಿದ್ದು ಪಕ್ಕದ ಮನೆಯ ಹೆಂಗಸು. ಹೋಟೆಲ್ ಅಲ್ಲ, ಮನೆ. ಗಂಡ ಮೀನು ಹಿಡಿಯುವವರು, ದೋಣಿ ಮನೆ ಮುಂದೆ ಮಗುಚಿ ಬಿದ್ದಿತ್ತು. ಫ್ರೀಜರ್‌ನಿಂದ ಮೀನು ತೆಗೆದಾಗ ಅಮ್ಮನ ಮುಖ ಅರಳಿತು: ಬಂಗುಡೆ! ಅಲ್ಲಿ ಅದಕ್ಕೆ ಕೆಂಬೊಂಗ್ ಅನ್ನುತ್ತಾರೆ. ಅಪ್ಪ ಮತ್ತು ಆ ಮನೆಯಾತ ಇಬ್ಬರಿಗೂ ಬರುವ ಒಂದೇ ಒಂದು ಭಾಷೆ ಇಲ್ಲದೆ ಬಲೆ, ಎಂಜಿನ್, ಗಾಳಿ ಎಲ್ಲದರ ಬಗ್ಗೆ ಕೈಸನ್ನೆಯಲ್ಲೇ ಎರಡು ಗಂಟೆ ಮಾತಾಡಿದರು. ನಮ್ಮಲ್ಲಿ ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ ಅಂತ ಅಪ್ಪ ಹೇಳಿದ್ದು ಆತನಿಗೆ ಅದು ಹೇಗೋ ಅರ್ಥವಾಯಿತು. ಆತ ಕ್ಯಾಲೆಂಡರ್ ತಂದು ಡಿಸೆಂಬರ್ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದ. ಊಟದ ದುಡ್ಡು ನಾವು ತುರುಕದಿದ್ದರೆ ಅವರು ತೆಗೆದುಕೊಳ್ಳುತ್ತಿರಲಿಲ್ಲ. ಆ ಊರಿನವರ ಮೇಲೆ ನನಗೆ ಒಂದು ದೂರೂ ಇಲ್ಲ.

ಮಂಗಳವಾರ ಮಧ್ಯಾಹ್ನ ಫೆರಿ ಬಿಟ್ಟರು. ಸಿಂಗಪುರ ತಲುಪಿ ಎರಡು ಹೊಸ ವಿಮಾನ ಟಿಕೆಟ್ ತೆಗೆಯಲು ಸಾವಿರ ಡಾಲರ್ ಹತ್ತಿರ ಹೋಯಿತು. ಪ್ರಯಾಣ ವಿಮೆ ಮಾಡಿಸಿರಲಿಲ್ಲ. ಏಜೆಂಟ್ ಒಂದೇ ಸಾಲು ಬರೆದ: 'ಹವಾಮಾನಕ್ಕೆ ನಾವು ಜವಾಬ್ದಾರರಲ್ಲ'. ಹವಾಮಾನ ಸರಿ. ಮುಚ್ಚಿದ ಅಡುಗೆಮನೆ, ಬೇರೆ ಜಾಗದ ಫೋಟೊ, ಬಾಗಿಲಿಗೆ ಬರದ ಫೆರಿ? ಅದಕ್ಕೆ ಉತ್ತರವಿಲ್ಲ. ನನ್ನನ್ನು ಬ್ಲಾಕ್ ಮಾಡಿದ.

ಟಿಯೋಮನ್ ಸುಂದರ ಜಾಗವೇ. ಹೋಗುವುದಾದರೆ ಮಾರ್ಚ್‌ನಿಂದ ಅಕ್ಟೋಬರ್ ಒಳಗೆ ಹೋಗಿ. ರೂಮಿನವರಿಗೆ ನೇರ ಫೋನ್ ಮಾಡಿ ತೆರೆದಿರುತ್ತೀರಾ ಅಂತ ಕೇಳಿ. ವಾಪಸ್ ಬಂದ ಮರುದಿನಕ್ಕೆ ವಿಮಾನ ಇಟ್ಟುಕೊಳ್ಳಬೇಡಿ, ಮಧ್ಯೆ ಎರಡು ದಿನ ಬಿಡಿ.

ನಿನ್ನೆ ಗೆಳತಿಯ ಮೊಬೈಲ್‌ನಲ್ಲಿ ನೋಡಿದೆ, ಅದೇ ಏಜೆಂಟ್ ಕ್ರಿಸ್‌ಮಸ್ ಪ್ಯಾಕೇಜ್ ಹಾಕಿದ್ದಾನೆ. ಜುವಾರಾ, ನಾಲ್ಕು ದಿನ, ಅರ್ಧ ಬೆಲೆ. ಸೂರ್ಯ ಇನ್ನೂ ಸಮುದ್ರದಲ್ಲೇ ಮುಳುಗುತ್ತಿದ್ದಾನೆ.